ಹಿರಿಯರ ಕೇರ್ ಹೋಮ್ ಆರಿಸುವ ಮೊದಲು ಅಡುಗೆಮನೆ ನೋಡಿ: ನಾಲ್ಕು ಬಗೆಯ ಊಟದ ವ್ಯವಸ್ಥೆಗಳ ಹೋಲಿಕೆ

ಅಪ್ಪ ಅಮ್ಮನಿಗೋ ಅಜ್ಜಿಗೋ ಕೇರ್ ಹೋಮ್ ಹುಡುಕಲು ಹೊರಟವರು ಏನೇನು ಕೇಳುತ್ತಾರೆ? ರೂಮಿಗೆ ಗಾಳಿ ಬೆಳಕು ಬರುತ್ತದಾ, ಬಾತ್‌ರೂಮಿನಲ್ಲಿ ಹಿಡಿಕೆ ಇದೆಯಾ, ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರಾ, ತಿಂಗಳಿಗೆ ಎಷ್ಟಾಗುತ್ತದೆ. ಇವೆಲ್ಲ ಕೇಳಲೇಬೇಕಾದ್ದು. ಊಟದ ಮಾತು ಬಂದಾಗ ಮಾತ್ರ "ವೆಜ್ಜಾ? ನಮ್ಮ ಕಡೆ ಅಡುಗೆನಾ?" ಎಂದು ಕೇಳಿ ಸುಮ್ಮನಾಗುತ್ತೇವೆ. ಅವರು ಒಂದು ಮೆನು ಹಾಳೆ ಕೈಗಿಡುತ್ತಾರೆ. ಸೋಮವಾರ ಇಡ್ಲಿ, ಮಂಗಳವಾರ ಉಪ್ಪಿಟ್ಟು, ಭಾನುವಾರ ಪಾಯಸ. ನೋಡಿ ಸಮಾಧಾನವಾಗುತ್ತದೆ.

ಆ ಹಾಳೆಯಲ್ಲಿ ಇರದ ಸಂಗತಿಯೊಂದಿದೆ. ಒಲೆಯಿಂದ ಇಳಿದ ಅನ್ನ, ಹುಳಿ ಹಿರಿಯರ ತಟ್ಟೆಗೆ ಬೀಳುವ ತನಕ ಎಷ್ಟು ಹೊತ್ತು ಕಾಯುತ್ತದೆ? ಅಷ್ಟು ಹೊತ್ತು ಎಲ್ಲಿರುತ್ತದೆ? ಅದಕ್ಕೆ ಯಾರು ಹೊಣೆ? ಕೇರ್ ಹೋಮಿನ ಅಡುಗೆಮನೆ ಅಳೆಯಲು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಟೈಲ್ಸ್ ಹೊಳೆಯುತ್ತಿದೆಯಾ ಎನ್ನುವುದು ಆಮೇಲಿನ ಮಾತು. ಈ ಪ್ರಶ್ನೆ ಇಟ್ಟುಕೊಂಡೇ ನಮ್ಮ ಕಡೆ ಕಾಣುವ ನಾಲ್ಕು ಬಗೆಯ ವ್ಯವಸ್ಥೆಗಳನ್ನು ಹೋಲಿಸಿ ನೋಡೋಣ.

ವಯಸ್ಸಾದವರಿಗೆ ಅಪಾಯ ಯಾಕೆ ಜಾಸ್ತಿ

ಹಳಸಿದ ಊಟ ತಿಂದರೆ ನಾವು ಒಂದು ದಿನ ಮಲಗಿ, ಮಾರನೆಯ ದಿನ ಮಜ್ಜಿಗೆ ಅನ್ನ ತಿಂದು ಎದ್ದು ಓಡಾಡುತ್ತೇವೆ. ಎಂಬತ್ತು ದಾಟಿದ ಅಜ್ಜಿ ಅದೇ ಭೇದಿಗೆ ಆಸ್ಪತ್ರೆ ಸೇರಬೇಕಾಗಬಹುದು. ಊಟದ ಜೊತೆ ಒಳಗೆ ಹೋದ ರೋಗಾಣುಗಳನ್ನು ಮೊದಲು ತಡೆಯುವುದು ಹೊಟ್ಟೆಯ ಆಮ್ಲ. ವಯಸ್ಸಾದ ಹಲವರಲ್ಲಿ ಅದು ಕಡಿಮೆ ಇರುತ್ತದೆ. ಅದರ ಮೇಲೆ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಅದನ್ನು ಇನ್ನೂ ತಗ್ಗಿಸುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಿಸಬೇಡಿ. ಊಟದ ಬಗ್ಗೆ ಎಚ್ಚರ ಜಾಸ್ತಿ ಇರಲಿ, ಅಷ್ಟೇ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಸ್ಟೀರಾಯ್ಡ್ ಮಾತ್ರೆ ಇದ್ದವರಿಗೆ ಸೋಂಕು ಬೇಗ ಹಿಡಿಯುತ್ತದೆ. ಬಾಯಾರಿಕೆ ಸರಿಯಾಗಿ ಗೊತ್ತಾಗದ್ದರಿಂದ ಭೇದಿಯಾದಾಗ ನೀರಿನಂಶ ಇಳಿಯುವುದೂ ಬೇಗ. ಇನ್ನೊಂದು ವಿಷಯ ನಾವು ಮರೆತೇಬಿಡುತ್ತೇವೆ. ವಯಸ್ಸಾದಂತೆ ಮೂಗು, ನಾಲಿಗೆ ಮಂದವಾಗುತ್ತವೆ. ಚಟ್ನಿ ಕೆಟ್ಟಿದೆ ಎಂದು ನಾವು ವಾಸನೆಯಲ್ಲೇ ಹೇಳಿಬಿಡುತ್ತೇವೆ, ಅವರಿಗೆ ಅದು ಗೊತ್ತಾಗದೇ ಹೋಗಬಹುದು. ಮರೆವಿನ ಕಾಯಿಲೆ ಇದ್ದವರಂತೂ "ಹೊಟ್ಟೆ ನೋಯ್ತಿದೆ" ಅಂತ ಬಾಯಿಬಿಟ್ಟು ಹೇಳಲಾರರು. ಸುಮ್ನೆ ಮಂಕಾಗಿ ಮಲಗಿಬಿಡುತ್ತಾರೆ.

ಇದು ಎಷ್ಟು ಗಂಭೀರವಾಗಬಹುದು ಎನ್ನುವುದಕ್ಕೆ ಇಂಗ್ಲೆಂಡಿನಲ್ಲೇ ಉದಾಹರಣೆ ಇದೆ. 1984ರ ಆಗಸ್ಟ್‌ನಲ್ಲಿ ವೇಕ್‌ಫೀಲ್ಡ್‌ನ ಸ್ಟ್ಯಾನ್ಲಿ ರಾಯ್ಡ್ ಆಸ್ಪತ್ರೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಊಟದಿಂದ ಹರಡಿ 19 ರೋಗಿಗಳು ತೀರಿಹೋದರು. ನೂರಾರು ಜನ ಹಾಸಿಗೆ ಹಿಡಿದರು. ಬೇಯಿಸಿದ ಮಾಂಸವನ್ನು ಫ್ರಿಜ್‌ನಲ್ಲಿಡದೆ ಗಂಟೆಗಟ್ಟಲೆ ಹೊರಗೆ ಬಿಟ್ಟಿದ್ದೇ ಕಾರಣವಿರಬೇಕೆಂದು ವಿಚಾರಣೆಯಲ್ಲಿ ಕಂಡುಬಂತು. ಅಲ್ಲಿಯವರೆಗೆ ಸರ್ಕಾರಿ ಆಸ್ಪತ್ರೆಗಳ ಅಡುಗೆಮನೆ ಕೊಳಕಾಗಿದ್ದರೂ ಆಹಾರ ಕಾನೂನಿನಡಿ ಕೇಸ್ ಹಾಕುವಂತಿರಲಿಲ್ಲ. ಈ ಸಾವುಗಳಾದ ಮೇಲೆ ಆ ರಕ್ಷಣೆಯನ್ನೇ ತೆಗೆದುಹಾಕಿದರು. ಬಡ ದೇಶದಲ್ಲೋ ಬೀದಿ ಬದಿಯಲ್ಲೋ ಆದದ್ದಲ್ಲ ಇದು. ದೊಡ್ಡ ಆಸ್ಪತ್ರೆಯಲ್ಲಿ, ಊಟ ಹೊರಗೆ ಕಾದದ್ದರಿಂದ ಆದದ್ದು.

ಎರಡು ಅಂಕಿ ನೆನಪಿಟ್ಟುಕೊಳ್ಳಿ

60 ಮತ್ತು 5. ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಬಿಸಿಯಲ್ಲೇ ಹೆಚ್ಚಿನ ರೋಗಾಣುಗಳು ಬೇಗ ಬೆಳೆಯುವುದು. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟೂ ಜಾಸ್ತಿಯೇ.

"ಮತ್ತೆ ಚೆನ್ನಾಗಿ ಕುದಿಸಿದರೆ ಎಲ್ಲಾ ಸಾಯುತ್ತೆ" ಎಂದು ಅಡುಗೆಯವರು ಧೈರ್ಯ ಹೇಳುತ್ತಾರೆ. ಅನ್ನದ ಮಟ್ಟಿಗೆ ಇದು ತಪ್ಪು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನ ಆಗುವುದು ನಮ್ಮೆಲ್ಲರ ಮನೆಯಲ್ಲೂ ಇದ್ದದ್ದೇ. ಮನೆಯಲ್ಲಿ ಒಂದು ಸಣ್ಣ ಪಾತ್ರೆ ಅನ್ನ ಬೇಗ ಆರುತ್ತದೆ, ಫ್ರಿಜ್‌ಗೆ ಹೋಗುತ್ತದೆ. ಐವತ್ತು ಜನರ ಅನ್ನ ತುಂಬಿದ ದೊಡ್ಡ ಪಾತ್ರೆಯ ನಡುಭಾಗ ಆರಲು ಗಂಟೆಗಟ್ಟಲೆ ಬೇಕು.

ಬೇಳೆ ಹುಳಿ, ಸಾಗು, ಮಾಂಸದ ಸಾರಿಗೆ ಇನ್ನೊಂದು ಕಾಟವಿದೆ, ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ದೊಡ್ಡ ಪಾತ್ರೆಯಲ್ಲಿ ನಿಧಾನ ತಣಿಯುವ ಗಟ್ಟಿ ಪದಾರ್ಥ ಇದಕ್ಕೆ ಇಷ್ಟ. ಅನುಕೂಲದ ಬಿಸಿ ಸಿಕ್ಕರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಕೈಗಾಯದಿಂದ, ಮೂಗಿನಿಂದ ಬರುವ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವೂ ಮತ್ತೆ ಕಾಯಿಸಿದರೆ ಹೋಗುವಂಥದ್ದಲ್ಲ. ಹಾಗಾಗಿ ಒಳ್ಳೆಯ ಅಡುಗೆಮನೆ ಯಾವುದು ಅಂದರೆ, ಮತ್ತೆ ಕಾಯಿಸುವ ಪ್ರಸಂಗವೇ ಬಾರದ ಹಾಗೆ ಲೆಕ್ಕ ಹಾಕಿ ಅಡುಗೆ ಮಾಡುವಂಥದ್ದು.

ಮೊದಲನೆಯದು: ಹೋಮ್‌ನದೇ ಅಡುಗೆಮನೆ

ಮೂವತ್ತು ನಲವತ್ತು ಹಾಸಿಗೆ ಇರುವ ಹೋಮ್‌ಗಳಲ್ಲಿ ಕೆಳಗಡೆ ಅಡುಗೆಮನೆ, ಅಡುಗೆಯವರು, ಒಬ್ಬರು ಸಹಾಯಕರು ಇರುವುದು ರೂಢಿ. ಸಮಯದ ಲೆಕ್ಕದಲ್ಲಿ ಇದೇ ಮುಂದೆ. ಹನ್ನೆರಡಕ್ಕೆ ಇಳಿಸಿದ ಹುಳಿ ಹನ್ನೆರಡೂವರೆಗೆ ತಟ್ಟೆಯಲ್ಲಿರುತ್ತದೆ. ಯಾರಿಗೋ ಉಪ್ಪು ಕಡಿಮೆ ಬೇಕು, ಇನ್ಯಾರಿಗೋ ಗಂಜಿ ಬೇಕು ಎಂದರೆ ಒಳಗೆ ಹೋಗಿ ಹೇಳಿದರಾಯಿತು. ಜೊತೆಗೆ ನೀವು ಯಾವಾಗ ಬೇಕಾದರೂ ಇಣುಕಿ ನೋಡಬಹುದು.

ಇದರ ದೌರ್ಬಲ್ಯ ಬೇರೆ ಕಡೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ದೊಡ್ಡಮ್ಮನಿಗಾಗಿ ನೋಡಲು ಹೋಗಿದ್ದ ಒಂದು ಹೋಮ್‌ನ ಅಡುಗೆಮನೆ ಬಹಳ ಚೊಕ್ಕಟವಾಗಿತ್ತು. ಗ್ರಾನೈಟ್ ಕಟ್ಟೆ ಒರೆಸಿಟ್ಟಿದ್ದರು, ಕಿಟಕಿಗೆ ಸೊಳ್ಳೆ ಪರದೆ ಇತ್ತು, ಡಬ್ಬಗಳ ಮೇಲೆ ಹೆಸರು ಬರೆದಿದ್ದರು. ಸಂಜೆ ನಾಲ್ಕರ ಹೊತ್ತು. ಕಟ್ಟೆಯ ಮೂಲೆಯಲ್ಲಿ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಅದರ ಮೇಲೆ ಒದ್ದೆ ಪಂಚೆಯ ತುಂಡು. ಎತ್ತಿ ನೋಡಿದರೆ ಅನ್ನ. ಕೈಯಿಟ್ಟರೆ ಮೇಲೆ ತಣ್ಣಗೆ, ಒಳಗೆ ಬೆಚ್ಚಗೆ. ಅಡುಗೆಯವರು ಮುಚ್ಚುಮರೆ ಮಾಡಲಿಲ್ಲ. "ಮಧ್ಯಾಹ್ನಾನೇ ರಾತ್ರಿಗೂ ಸೇರಿಸಿ ಇಟ್ಬಿಡ್ತೀನಿ ಸಾರ್, ಐದಕ್ಕೆ ನಾನು ಹೊರಡಬೇಕಲ್ಲ" ಅಂದರು. ರಾತ್ರಿ ಎಂಟಕ್ಕೆ ಅದನ್ನು ಬಡಿಸುವವರು ಆಯಾಗಳು. ಅಂದರೆ ಅನ್ನ ಏಳು ಗಂಟೆ ಹೊರಗೆ. ಅಲ್ಲಿದ್ದ ತೊಂದರೆ ಕೊಳಕಿನದಲ್ಲ, ಡ್ಯೂಟಿ ಸಮಯದ್ದು. ಸಂಜೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳದೆ ಉಳಿಸಿದ ಸಂಬಳದ್ದು.

ಆದ್ದರಿಂದ ಸ್ವಂತ ಅಡುಗೆಮನೆ ಇದೆ ಎಂದ ಕೂಡಲೇ ಎರಡು ಪ್ರಶ್ನೆ ಕೇಳಿ. ರಾತ್ರಿ ಊಟ ಎಷ್ಟು ಗಂಟೆಗೆ ಮಾಡುತ್ತಾರೆ, ಯಾರು ಮಾಡುತ್ತಾರೆ? ಅಡುಗೆಯವರಿಗೆ ಹೊಟ್ಟೆ ಕೆಟ್ಟರೆ ಆ ದಿನ ಅಡುಗೆ ಯಾರದ್ದು?

ಎರಡನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಹೋಮ್‌ನ ಪೂರ್ತಿ ಗುಣ ಗೊತ್ತಾಗುತ್ತದೆ. ಭೇದಿ ಆದವರು ಅದು ನಿಂತು 48 ಗಂಟೆ ಆಗುವವರೆಗೆ ಅಡುಗೆಮನೆಗೆ ಕಾಲಿಡಬಾರದು ಎನ್ನುವುದು ಹಲವು ದೇಶಗಳ ಆರೋಗ್ಯ ಇಲಾಖೆಗಳು ಪಾಲಿಸುವ ನಿಯಮ. ನಮ್ಮಲ್ಲಿ ರಜೆ ಹಾಕಿದರೆ ದಿನಗೂಲಿ ಹೋಗುತ್ತದೆ ಎಂದಾದರೆ ಯಾವ ಅಡುಗೆಯವರು ತಾನೇ "ನನಗೆ ಭೇದಿ" ಎಂದು ಹೇಳುತ್ತಾರೆ? ಮಾತ್ರೆ ನುಂಗಿ ಬಂದು ಮುದ್ದೆ ಕಟ್ಟುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕಾಯಿಲೆ ದಿನದ ಸಂಬಳ ಕೊಡುವ, ಬದಲಿ ಅಡುಗೆಯವರನ್ನು ಗೊತ್ತುಮಾಡಿಕೊಂಡಿರುವ ಹೋಮ್ ನನ್ನ ಪಟ್ಟಿಯಲ್ಲಿ ಮೊದಲು ಬರುತ್ತದೆ, ಅಲ್ಲಿನ ಗೋಡೆಯ ಬಣ್ಣ ಕಿತ್ತುಹೋಗಿದ್ದರೂ ಸರಿ.

ಎರಡನೆಯದು: ಕೇಟರಿಂಗ್ ಅಥವಾ ಸೆಂಟ್ರಲ್ ಕಿಚನ್

ಊರಲ್ಲಿ ನಾಲ್ಕೈದು ಶಾಖೆ ಇರುವ ದೊಡ್ಡ ಹೋಮ್‌ಗಳು ಒಂದೇ ಕಡೆ ಅಡುಗೆ ಮಾಡಿಸಿ ವ್ಯಾನಿನಲ್ಲಿ ಕಳಿಸುತ್ತವೆ. ಇನ್ನು ಕೆಲವು ಹೊರಗಿನ ಕೇಟರರ್‌ಗೆ ಗುತ್ತಿಗೆ ಕೊಡುತ್ತವೆ. ಇದನ್ನು ಕೇಳಿದ ಕೂಡಲೇ ಮುಖ ಸಿಂಡರಿಸಬೇಕಿಲ್ಲ. ಒಳ್ಳೆಯ ಸೆಂಟ್ರಲ್ ಕಿಚನ್‌ನಲ್ಲಿ ತರಬೇತಾದ ಸೂಪರ್‌ವೈಸರ್ ಇರುತ್ತಾರೆ, ಹಸಿ ಮಾಂಸಕ್ಕೂ ತರಕಾರಿಗೂ ಬೇರೆ ಬೇರೆ ಬಣ್ಣದ ಹೆಚ್ಚುವ ಮಣೆ ಇರುತ್ತವೆ, ಕೋಲ್ಡ್ ರೂಮ್ ಇರುತ್ತದೆ, ಥರ್ಮಾಮೀಟರ್ ಬಳಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಡುಗೆಯವರು ಒಬ್ಬರು ಬಾರದಿದ್ದರೆ ಇನ್ನೊಬ್ಬರಿರುತ್ತಾರೆ. ಒಬ್ಬರನ್ನೇ ನಂಬಿಕೊಂಡ ಸಣ್ಣ ಅಡುಗೆಮನೆಗಿಂತ ಈ ವಿಷಯದಲ್ಲಿ ಇವರೇ ವಾಸಿ.

ಸೋಲುವುದು ದಾರಿಯಲ್ಲಿ. ಬೆಳಗ್ಗೆ ಹತ್ತೂವರೆಗೆ ತುಂಬಿದ ಹಾಟ್ ಬಾಕ್ಸ್ ಹನ್ನೊಂದಕ್ಕೆ ಹೊರಟು, ಮಳೆ ಬಂದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡರೆ ಹನ್ನೆರಡೂವರೆಗೆ ಬರುತ್ತದೆ. ಒಂದಕ್ಕೆ ಬಡಿಸುತ್ತಾರೆ. ಮುಚ್ಚಳದ ರಬ್ಬರ್ ಹೋಗಿರುವ ಹಾಟ್ ಬಾಕ್ಸ್‌ನಲ್ಲಿ ಅಷ್ಟು ಹೊತ್ತಿಗೆ ಪಲ್ಯ ಎಷ್ಟು ಬಿಸಿ ಉಳಿದಿರುತ್ತದೆ? ಬಂದ ಊಟದ ಬಿಸಿಯನ್ನು ಹೋಮ್‌ನವರು ಅಳೆದು ಬರೆದುಕೊಳ್ಳುತ್ತಾರಾ ಎಂದು ಕೇಳಿ. ಆ ಪುಸ್ತಕ ತೋರಿಸಿ ಅನ್ನಿ. ಎಲ್ಲಾ ದಿನವೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ 65, 65, 65 ಎಂದಿದ್ದರೆ ಅದು ಅಳೆದದ್ದಲ್ಲ, ಕೂತು ತುಂಬಿಸಿದ್ದು.

ಕೇಟರಿಂಗ್‌ನಲ್ಲಿ ಇನ್ನೊಂದು ಅಪಾಯವಿದೆ, ಅದು ರೋಗಾಣುವಿನದಲ್ಲ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ಊಟ ಮುಕ್ಕಾಲು ಗಂಟೆ ತಡವಾದರೆ ಶುಗರ್ ಇಳಿದು ತಲೆಸುತ್ತು ಬರುತ್ತದೆ, ಬೀಳುತ್ತಾರೆ. ವ್ಯಾನ್ ಬಂದದ್ದು ಖಚಿತವಾದ ಮೇಲೆಯೇ ಇನ್ಸುಲಿನ್ ಕೊಡುವ ಪದ್ಧತಿ ಅಲ್ಲಿನ ಸಿಸ್ಟರ್‌ಗಳಿಗೆ ಇದೆಯಾ ಎಂದು ಕೇಳಲೇಬೇಕು.

ತಿಂಡಿ ಜೊತೆ ಬರುವ ಕಾಯಿಚಟ್ನಿಯನ್ನು ವಿಶೇಷವಾಗಿ ನೋಡಿ. ಹಸಿ ತೆಂಗಿನಕಾಯಿ, ನೀರು, ರುಬ್ಬಿದ ಕೈ, ಮೂರೂ ಸೇರಿದ ಪದಾರ್ಥ ಅದು, ಬೇಯಿಸಿದ್ದಲ್ಲ. ಬೇಸಿಗೆಯಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಬಂದ ಚಟ್ನಿ ಹಿರಿಯರಿಗೆ ಬೇಡ. ಹೆಚ್ಚಿಟ್ಟ ಸೌತೆಕಾಯಿ, ಕೋಸಂಬರಿಗೂ ಇದೇ ಮಾತು. ಚಟ್ನಿಯನ್ನು ಮಾತ್ರ ಹೋಮ್‌ನಲ್ಲೇ ಆಗಿಂದಾಗ ರುಬ್ಬಿಕೊಳ್ಳುವ ಕಡೆ ನೋಡಿದ್ದೇನೆ. ಸಣ್ಣ ಏರ್ಪಾಡು, ಆದರೆ ಯಾರೋ ಯೋಚನೆ ಮಾಡಿದ್ದಾರೆ ಎಂದು ಅದರಿಂದಲೇ ತಿಳಿಯುತ್ತದೆ.

ಮೂರನೆಯದು: ಮನೆಯಂಥ ಸಣ್ಣ ಹೋಮ್

ಬಡಾವಣೆಯ ಒಂದು ಮನೆ ಬಾಡಿಗೆಗೆ ಹಿಡಿದು ಎಂಟು ಹತ್ತು ಜನರನ್ನು ನೋಡಿಕೊಳ್ಳುವ ಹೋಮ್‌ಗಳು ಈಗ ಬೆಂಗಳೂರು, ಮೈಸೂರಿನಲ್ಲಿ ಬಹಳ. ಇಲ್ಲಿ ಊಟ ನಿಜಕ್ಕೂ ಮನೆ ಊಟದ ಹಾಗಿರುತ್ತದೆ. ಸಣ್ಣ ಕುಕ್ಕರ್, ಆಗಿಂದಾಗಿನ ಅಡುಗೆ, ಬಿಸಿ ಬಿಸಿ. ಕಾಯುವ ಹೊತ್ತು ತೀರಾ ಕಡಿಮೆ. ಇಷ್ಟೇ ನೋಡುವುದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಬಹುದಿತ್ತು.

ಆದರೆ ಕೈ ಯಾರದ್ದು ನೋಡಿ. ಎಷ್ಟೋ ಕಡೆ ಬೆಳಗ್ಗೆ ಡಯಾಪರ್ ಬದಲಿಸಿ, ಮೈ ಒರೆಸಿ, ಬೆಡ್‌ಪ್ಯಾನ್ ತೊಳೆದ ಆಯಾ ಅವರೇ ಹೋಗಿ ಒಲೆ ಹಚ್ಚುತ್ತಾರೆ. ಇಬ್ಬರೇ ಇರುವ ಮನೆಯಲ್ಲಿ ಇನ್ನೇನು ಮಾಡಿಯಾರು? ಮಲದಿಂದ ಕೈಗೆ, ಕೈಯಿಂದ ಅನ್ನಕ್ಕೆ ರೋಗಾಣು ದಾಟಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದು. ಹೋಮ್‌ಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ, ವಾಂತಿ ಭೇದಿ ತರುವ ನೊರೋವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸೋಪು, ಹರಿಯುವ ನೀರು, ಉಗುರಿನ ಸಂದಿವರೆಗೂ ಉಜ್ಜಿ ತೊಳೆಯುವುದು, ಇದೇ ಬೇಕು.

ಇಂಥ ಹೋಮ್ ಇಷ್ಟವಾದರೆ ಒಂದು ಷರತ್ತು ಹಾಕಿ. ಆರೈಕೆಯವರು ಬೇರೆ, ಅಡುಗೆಯವರು ಬೇರೆ ಇರಬೇಕು. ದಿನಕ್ಕೆರಡು ಸಲ ಬಂದು ಅಡುಗೆ ಮಾಡಿ ಹೋಗುವ ಅಕ್ಕ ಒಬ್ಬರಿದ್ದರೂ ಸಾಕು. ಅದೂ ಆಗದಿದ್ದರೆ ಅಡುಗೆಮನೆ ಬಾಗಿಲಲ್ಲೇ ಸೋಪಿರುವ ಸಿಂಕ್, ಅಡುಗೆಗೆ ಬೇರೆ ಏಪ್ರನ್, ಒರೆಸಿಕೊಳ್ಳಲು ಬೇರೆ ಟವೆಲ್ ಇರಲೇಬೇಕು. ಕಟ್ಟೆ ಒರೆಸುವ ಮಸಿಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸಿ ಅದರಲ್ಲೇ ಕೈ ಒರೆಸಿಕೊಳ್ಳುವುದನ್ನು ಕಂಡರೆ ಬೇರೆ ಮನೆ ನೋಡುವುದು ಒಳ್ಳೆಯದು.

ಫ್ರಿಜ್ ಬಾಗಿಲು ತೆಗೆಸಿ. ಸಣ್ಣ ಹೋಮ್‌ಗಳಲ್ಲಿ ಮನೆಬಳಕೆಯ ಒಂದೇ ಫ್ರಿಜ್ ಇರುತ್ತದೆ. ಹಾಲು, ಹಿಟ್ಟು, ಇನ್ಸುಲಿನ್, ಮೊನ್ನೆಯ ಸಾರು ಎಲ್ಲಾ ಅದರಲ್ಲೇ ತುಂಬಿ ತಣ್ಣಗಿನ ಗಾಳಿ ಆಡುವುದಕ್ಕೇ ಜಾಗ ಇರುವುದಿಲ್ಲ. ಹಸಿ ಮೊಟ್ಟೆ, ಕೋಳಿ ಇದ್ದರೆ ಕೆಳಗಡೆ ಇರಬೇಕು, ಬೇಯಿಸಿದ್ದು ಮೇಲೆ. ಎಲ್ಲಕ್ಕೂ ಮುಚ್ಚಳ, ತಾರೀಖು ಬರೆದ ಚೀಟಿ. ಫ್ರಿಜ್‌ನಲ್ಲಿಟ್ಟ ಮಾತ್ರಕ್ಕೆ ಎಷ್ಟು ದಿನ ಬೇಕಾದರೂ ಇಡಬಹುದು ಎಂದಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಲ್ಲೂ ನಿಧಾನವಾಗಿ ಬೆಳೆಯುತ್ತದೆ. 2008ರಲ್ಲಿ ಕೆನಡಾದಲ್ಲಿ ಕತ್ತರಿಸಿ ಪ್ಯಾಕ್ ಮಾಡಿದ ಮಾಂಸದಿಂದ ಇದು ಹರಡಿ 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ನಾಲ್ಕನೆಯದು: ದಾನದ ಊಟ ಬರುವ ಆಶ್ರಮ

ಟ್ರಸ್ಟ್ ನಡೆಸುವ ವೃದ್ಧಾಶ್ರಮಗಳಲ್ಲಿ ಅಡುಗೆಮನೆ ಇರುತ್ತದೆ, ಜೊತೆಗೆ ದಾನದ ಊಟವೂ ಬರುತ್ತದೆ. ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ, ತಿಥಿ ಎಂದು ಊಟ ಹಾಕಿಸುವವರು ನಮ್ಮಲ್ಲಿ ಜಾಸ್ತಿ. ಇದು ಪುಣ್ಯದ ಕೆಲಸವೇ. ದುಡ್ಡು ಕೊಟ್ಟು ಅಲ್ಲೇ ಮಾಡಿಸಿದರೆ ಯಾವ ತೊಂದರೆಯೂ ಇಲ್ಲ. ಹೊರಗೆ ಮಾಡಿಸಿ ತಂದು ಬಡಿಸುವುದೂ, ಅದಕ್ಕಿಂತ ಹೆಚ್ಚಾಗಿ ಛತ್ರದಲ್ಲಿ ಉಳಿದದ್ದನ್ನು ತಂದುಕೊಡುವುದೂ ಅಪಾಯ.

ಮಧ್ಯಾಹ್ನದ ಮುಹೂರ್ತದ ಊಟ ಎಂದುಕೊಳ್ಳಿ. ಬೆಳಗಿನ ಜಾವ ಮಾಡಿದ ಪಲ್ಯ, ಒಂಬತ್ತಕ್ಕೆ ಇಳಿಸಿದ ಅನ್ನ, ಮೂರು ಪಂಕ್ತಿ ಮುಗಿದ ಮೇಲೆ ಉಳಿದದ್ದು. ಮೂರು ಗಂಟೆಗೆ ಯಾರೋ ಫೋನ್ ಮಾಡಿ "ಸ್ವಾಮಿ, ಐವತ್ತು ಜನಕ್ಕಾಗುವಷ್ಟಿದೆ, ಕಳಿಸ್ಲಾ?" ಅನ್ನುತ್ತಾರೆ. ಆಶ್ರಮದವರಿಗೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಅದು ರಾತ್ರಿ ಏಳೂವರೆಗೆ ಹಿರಿಯರ ತಟ್ಟೆ ಸೇರುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದ ಊಟವೇ ಆದರೂ ಹತ್ತು ಗಂಟೆ ಹಳೆಯದು. ಉಳಿದ ಆಹಾರದ ಹಂಚಿಕೆಗೆಂದೇ 2019ರಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಬೇರೆ ನಿಯಮಾವಳಿ ತಂದಿದೆ. ದಾನ ಎಂದ ಮಾತ್ರಕ್ಕೆ ಜವಾಬ್ದಾರಿ ತಪ್ಪುವುದಿಲ್ಲ.

ಒಳ್ಳೆಯ ಆಶ್ರಮವನ್ನು ಇಲ್ಲಿ ಗುರುತಿಸುವುದು ಸುಲಭ. "ಹೊರಗಿನ ಊಟ ತಗೊಳ್ಳೋದಿಲ್ಲ, ಅಕ್ಕಿ ಬೇಳೆ ಕೊಡಿ, ಇಲ್ಲಾ ಒಂದು ದಿನದ ಊಟದ ಖರ್ಚು ಕೊಡಿ, ನೀವೇ ಬಂದು ಬಡಿಸಿ" ಎಂದು ಬೋರ್ಡ್ ಹಾಕಿರುತ್ತಾರೆ. ಹಾಗೆ ಖಡಾಖಂಡಿತವಾಗಿ ಹೇಳುವ ಮ್ಯಾನೇಜರ್ ಸಿಕ್ಕರೆ ಅವರನ್ನು ಗೌರವಿಸಿ. ದಾನಿಗಳ ಮುನಿಸು ಕಟ್ಟಿಕೊಂಡು ಹಿರಿಯರನ್ನು ಕಾಯುತ್ತಿದ್ದಾರೆ ಅವರು. ನೀವು ಊಟ ಹಾಕಿಸುವ ಕಡೆಯವರಾದರೆ ನಿಮಗೂ ಇದೇ ವಿನಂತಿ.

ನುಣ್ಣಗೆ ಮಾಡಿದ ಊಟ, ಟ್ಯೂಬ್ ಊಟ

ಪಾರ್ಶ್ವವಾಯು, ಪಾರ್ಕಿನ್ಸನ್ ಆದವರಿಗೆ ನುಂಗುವುದು ಕಷ್ಟ. ಊಟವನ್ನು ಮಿಕ್ಸಿಗೆ ಹಾಕಿ ಕೊಡುತ್ತಾರೆ. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದವರಿಗೆ ಗಂಜಿ, ಬೇಳೆಕಟ್ಟು, ಪ್ರೋಟೀನ್ ಪುಡಿಯ ದ್ರವ. ಮೇಲಿನ ನಾಲ್ಕರಲ್ಲಿ ಯಾವ ವ್ಯವಸ್ಥೆ ಇದ್ದರೂ ಇವರ ಊಟ ಮಾತ್ರ ಹೋಮ್‌ನೊಳಗೇ, ಆಗಿಂದಾಗ ತಯಾರಾಗಬೇಕು. ಬೆಳಗ್ಗೆ ಒಂದೇ ಸಲ ಒಂದೂವರೆ ಲೀಟರ್ ಮಾಡಿ ಜಗ್‌ನಲ್ಲಿಟ್ಟು ಸಂಜೆವರೆಗೆ ಕೊಡುವುದು ಹಲವು ಕಡೆ ನಡೆಯುತ್ತದೆ. ಬೆಚ್ಚಗಿನ, ನೀರಾದ, ಪೌಷ್ಟಿಕವಾದ ಇಂಥ ದ್ರವದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ.

ಮಿಕ್ಸಿ ಜಾರ್ ತಿರುಗಿಸಿ ನೋಡಿ. ಬ್ಲೇಡಿನ ಬುಡ, ಮುಚ್ಚಳದ ರಬ್ಬರ್ ರಿಂಗ್ ತೆಗೆಸಿ. ಅದರ ಸಂದಿಯಲ್ಲಿ ಕಪ್ಪಗೆ ಜಿಡ್ಡು ಕೂತಿದ್ದರೆ ಆ ಜಾರ್‌ನಲ್ಲಿ ರುಬ್ಬಿದ್ದೆಲ್ಲವೂ ಅದನ್ನು ಮುಟ್ಟಿಯೇ ಹೋಗಿರುತ್ತದೆ. ಮಸಾಲೆ ರುಬ್ಬುವ ಜಾರ್ ಬೇರೆ, ರೋಗಿಗಳ ಊಟದ ಜಾರ್ ಬೇರೆ ಇದ್ದರೆ ಒಳ್ಳೆಯದು. ನಿಮ್ಮ ಮನೆಯ ಹಿರಿಯರು ಟ್ಯೂಬ್‌ನಲ್ಲಿ ಊಟ ಮಾಡುವವರಾದರೆ ಉಳಿದದ್ದೆಲ್ಲಕ್ಕಿಂತ ಮೊದಲು ಇದನ್ನೇ ನೋಡಿ.

ನೋಡಲು ಹೋದಾಗ

ಬೆಳಗ್ಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ತಗೊಂಡು ಹೋದರೆ ತೊಳೆದ ಅಡುಗೆಮನೆ ಕಾಣುತ್ತದೆ. ಒಂದು ಸಲ ಹಾಗೆ ಹೋಗಿ. ಇನ್ನೊಂದು ಸಲ ಹೇಳದೆ ಸಂಜೆ ನಾಲ್ಕರಿಂದ ಆರರ ನಡುವೆ ಹೋಗಿ. ರಾತ್ರಿ ಊಟದ ಗುಟ್ಟು ಗೊತ್ತಾಗುವುದು ಆ ಹೊತ್ತಿನಲ್ಲಿ. ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ನೆಲದ ಮೇಲಿದೆಯಾ, ಹಲಗೆಯ ಮೇಲಿದೆಯಾ ನೋಡಿ. ಮೂಲೆಯಲ್ಲಿ ಇಲಿ ಹಿಕ್ಕೆ ಇದ್ದರೆ ಬೇರೆ ಏನೂ ಕೇಳಬೇಕಿಲ್ಲ. ಕರಿದ ಎಣ್ಣೆ ಕಪ್ಪಗೆ ಅಂಟಂಟಾಗಿ ಬಾಣಲೆಯಲ್ಲೇ ಇದ್ದರೆ ಅದನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದಾರೆ ಎಂದು ತಿಳಿಯಿರಿ.

ಲೈಸೆನ್ಸ್ ಕೇಳಲು ಸಂಕೋಚ ಬೇಡ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಲಾಭಕ್ಕೆ ನಡೆಸುವವರು, ಸೇವೆಗೆ ನಡೆಸುವವರು ಎಂಬ ಭೇದ ಇಲ್ಲ. ಎಫ್‌ಎಸ್‌ಎಸ್‌ಎಐ ಸಂಖ್ಯೆ 14 ಅಂಕಿಯದು. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ಘಟಕಗಳ ನೋಂದಣಿ. ಅದನ್ನು ಎಫ್‌ಎಸ್‌ಎಸ್‌ಎಐನ ಲೈಸೆನ್ಸ್ ವೆಬ್‌ಸೈಟ್ ಫಾಸ್ಕಾಸ್‌ನಲ್ಲಿ (FoSCoS) ಹಾಕಿದರೆ ಯಾರ ಹೆಸರಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯಾ ತಿಳಿಯುತ್ತದೆ. ಕೇಟರರ್ ಇದ್ದರೆ ಅವರದ್ದನ್ನೂ ನೋಡಿ. ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ, ಟೈಫಾಯಿಡ್‌ನಂಥ ಕಾಯಿಲೆಗಳಿಗೆ ಲಸಿಕೆ ಆಗಿರಬೇಕು ಎಂದು 2011ರ ಆಹಾರ ಲೈಸೆನ್ಸ್ ನಿಯಮಗಳ ಶೆಡ್ಯೂಲ್ 4 ಹೇಳುತ್ತದೆ. ಲಕ್ಷಣ ಒಂದೂ ಇಲ್ಲದೆ ಟೈಫಾಯಿಡ್ ಹರಡುವವರು ಇರುತ್ತಾರೆ, ಅದಕ್ಕೇ ಈ ನಿಯಮ. ಆದರೆ ಗೋಡೆಗೆ ತೂಗುಹಾಕಿದ ಲೈಸೆನ್ಸ್ ಪಾತ್ರೆಯಲ್ಲಿನ ಅನ್ನದ ವಯಸ್ಸು ಹೇಳುವುದಿಲ್ಲ. ಎರಡೂ ಬೇಕು.

ನೀರಿನ ಬಗ್ಗೆ ಒಂದು ಮಾತು. ಕುಡಿಯುವ ನೀರಿಗೆ ಆರ್‌ಒ ಇದೆ ಎಂದು ಎಲ್ಲರೂ ತೋರಿಸುತ್ತಾರೆ. ತಟ್ಟೆ ತೊಳೆಯುವ, ಕೊತ್ತಂಬರಿ ತೊಳೆಯುವ, ಮಜ್ಜಿಗೆಗೆ ಬೆರೆಸುವ ನೀರು ಯಾವುದು? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಎಷ್ಟೋ ಬಡಾವಣೆಗಳು ಪೂರ್ತಿ ಟ್ಯಾಂಕರ್ ನೀರಿಗೆ ಬಿದ್ದವು. ಟ್ಯಾಂಕರ್ ನೀರು ತರಿಸುವ ಹೋಮ್ ಅದಕ್ಕೆ ಕ್ಲೋರಿನ್ ಹಾಕುತ್ತದಾ, ಸಂಪು ಕೊನೆಯ ಸಲ ತೊಳೆದದ್ದು ಯಾವಾಗ, ನೀರಿನ ಟೆಸ್ಟ್ ರಿಪೋರ್ಟ್ ಇದೆಯಾ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿಲೀಟರ್‌ನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಇರಬಾರದು.

ಅಮೆರಿಕದಲ್ಲೋ ದುಬೈನಲ್ಲೋ ಕೂತು ಇಲ್ಲಿ ಅಪ್ಪನಿಗೆ ಹೋಮ್ ಹುಡುಕುವವರು ವಿಡಿಯೋ ಕಾಲ್‌ನಲ್ಲಿ ಗಾರ್ಡನ್ ನೋಡಿ ಒಪ್ಪಿಕೊಳ್ಳಬೇಡಿ. ಇಲ್ಲಿನ ಸಂಜೆ ಐದಕ್ಕೆ ಕಾಲ್ ಮಾಡಿ, ಫೋನನ್ನು ಅಡುಗೆಮನೆಗೆ ಒಯ್ಯಲು ಹೇಳಿ. ಪಾತ್ರೆಗಳ ಮುಚ್ಚಳ, ಫ್ರಿಜ್, ಸಿಂಕ್ ಮೂರನ್ನೂ ತೋರಿಸಲಿ. ಊರಲ್ಲಿ ಅಕ್ಕನೋ ಭಾವನೋ ಇದ್ದರೆ ಅವರನ್ನೇ ಕಳಿಸುವುದು ಇನ್ನೂ ಒಳ್ಳೆಯದು.

ಯಾರಿಗೆ ಯಾವುದು

ನಡೆದಾಡಿಕೊಂಡು, ಮಾತಾಡಿಕೊಂಡು ಇರುವ ಹಿರಿಯರಿಗೆ ಎರಡು ಪಾಳಿ ಅಡುಗೆಯವರಿರುವ, ಸ್ವಂತ ಅಡುಗೆಮನೆಯ ಮಧ್ಯಮ ಗಾತ್ರದ ಹೋಮ್ ಒಳ್ಳೆಯದು. ಇನ್ಸುಲಿನ್ ಮೇಲಿರುವವರಿಗೂ ಅದೇ. ಕೇಟರಿಂಗ್ ಇರುವ ಕಡೆ ಹಾಕಲೇಬೇಕಾದರೆ ಕಿಚನ್ ಅರ್ಧ ಗಂಟೆಯ ದಾರಿಯೊಳಗಿರಲಿ. ಟ್ಯೂಬ್ ಅಥವಾ ನುಣ್ಣಗಿನ ಊಟದವರಿಗೆ ನರ್ಸ್ ಇರುವ, ಅವರ ಊಟಕ್ಕೆ ಬೇರೆ ಮೂಲೆ ಬೇರೆ ಪಾತ್ರೆ ಇಟ್ಟಿರುವ ಕಡೆ ಮಾತ್ರ. ಮರೆವಿನ ಕಾಯಿಲೆಯವರಿಗೆ ಎಂಟು ಹತ್ತು ಜನರ ಸಣ್ಣ ಮನೆ ಹಿತ, ಅಡುಗೆ ಕೈ ಬೇರೆ ಇದ್ದರೆ. ದುಡ್ಡಿನ ಕಷ್ಟದಿಂದ ಟ್ರಸ್ಟ್ ಆಶ್ರಮ ನೋಡುವವರು ಕೀಳೆಂದುಕೊಳ್ಳಬೇಕಿಲ್ಲ. ಹೊರಗಿನ ಊಟ ನಿರಾಕರಿಸುವ ಆಶ್ರಮ ದುಬಾರಿ ಹೋಮ್‌ಗಿಂತ ಎಷ್ಟೋ ಮೇಲು. ಅಂಥ ಒಂದು ಕಡೆ ಪ್ರತಿ ಪಾತ್ರೆಯ ಹಿಡಿಗೆ ರಟ್ಟಿನ ತುಂಡು ಕಟ್ಟಿ "ಹುಳಿ 11.40", "ಅನ್ನ 12.05" ಎಂದು ಬರೆದಿದ್ದರು. ಇಳಿಸಿ ಎರಡು ಗಂಟೆ ಕಳೆದದ್ದನ್ನು ಹಸುವಿಗೆ ಹಾಕುತ್ತಿದ್ದರು. ಅದಕ್ಕೆ ಖರ್ಚಾದದ್ದು ಒಂದು ಪೆನ್ನು.

ಸೇರಿಸಿದ ಮೇಲೆ ಏನಾದರೂ ಆದರೆ

ಒಬ್ಬರಿಗೆ ಭೇದಿಯಾದರೆ ನೂರು ಕಾರಣ ಇರಬಹುದು. ಒಂದೇ ದಿನ ಇಬ್ಬರು ಮೂವರಿಗೆ ಆದರೆ ಊಟವನ್ನು ಅನುಮಾನಿಸಿ. ಒಆರ್‌ಎಸ್ ಶುರುಮಾಡಿ, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕು ಎಂದು ಡಾಕ್ಟರನ್ನು ಕೇಳಿ. ಮೂತ್ರ ಕಡಿಮೆಯಾಗುವುದು, ಮಂಕು, ಹೆಸರು ಕರೆದರೆ ತಿರುಗದಿರುವುದು, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಭೇದಿ ನಿಲ್ಲಿಸುವ ಮಾತ್ರೆ ತಾವಾಗಿ ಕೊಡಬೇಡಿ ಎಂದು ಹೋಮ್‌ನವರಿಗೆ ಮೊದಲೇ ಹೇಳಿಡಿ.

ಪ್ರತಿ ಊಟದ ಒಂದು ಸಣ್ಣ ಬಟ್ಟಲು ಸ್ಯಾಂಪಲ್ ಮುಚ್ಚಿ, ತಾರೀಖು ಬರೆದು ಫ್ರಿಜ್‌ನಲ್ಲಿಡುವ ಪದ್ಧತಿ ಒಳ್ಳೆಯ ಅಡುಗೆಮನೆಗಳಲ್ಲಿದೆ. ನಿಮ್ಮ ಹೋಮ್‌ನಲ್ಲೂ ಶುರುಮಾಡಿಸಿ. ಮೊದಲು ಮ್ಯಾನೇಜರ್ ಜೊತೆ ಮಾತಾಡಿ, ಆ ದಿನದ ಅಡುಗೆ ಎಷ್ಟು ಗಂಟೆಗಾಯಿತು, ಯಾರು ಮಾಡಿದರು ಕೇಳಿ. ಉತ್ತರ ಸಿಗದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದುಕೊಡಿ. ಎಫ್‌ಎಸ್‌ಎಸ್‌ಎಐನ ಉಚಿತ ಸಂಖ್ಯೆ 1800 112 100 ಇದೆ, ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದೂರು ಹಾಕಬಹುದು. ಹಿರಿಯರ ಆರೈಕೆಯ ಬೇರೆ ದೂರುಗಳಿಗೆ ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567. ದೂರಿನಲ್ಲಿ ಊಟ ಮಾಡಿದ ಹೊತ್ತು, ವಾಂತಿ ಶುರುವಾದ ಹೊತ್ತು, ತಿಂದದ್ದು ಏನು ಎಂಬುದನ್ನು ತಪ್ಪದೆ ಬರೆಯಿರಿ. ಯಾವ ರೋಗಾಣು ಎಂದು ಊಹಿಸಲು ಅಧಿಕಾರಿಗಳಿಗೆ ಮೊದಲು ಬೇಕಾಗುವುದು ಆ ಗಂಟೆಗಳ ಅಂತರವೇ.